ಅರ್ಹತೆಯ ಹೊಸ್ತಿಲಲ್ಲಿ ಬಾಲಕಿಯರ ಫುಟ್‌ಬಾಲ್

2022ರ ಅಕ್ಟೋಬರ್ 30ರಂದು ನವಿ ಮುಂಬಯಿಯ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯ ನಡೆದುದು ನಮ್ಮ ಓದುಗರಲ್ಲಿ ಕೆಲವರಿಗಾದರೂ ನೆನಪಿರಬಹುದು. ಸ್ಪೇನಿನ ಬಾಲಕಿಯರು ಕೊಲಂಬಿಯಾವನ್ನು 1–0 ಅಂತರದಿಂದ ಸೋಲಿಸಿ ಕಪ್ಪನ್ನು ಕೊಂಡೊಯ್ದರು. ಆ ಒಂದು ಗೋಲು ಕೂಡ ಸ್ಪೇನಿನವರು ಹೊಡೆದದ್ದಲ್ಲ. ಆಟ ಮುಗಿಯಲು ಎಂಟು ನಿಮಿಷವಿರುವಾಗ ಕೊಲಂಬಿಯಾದವರಿಂದಲೇ ಅವರ ಬಲೆಗೆ ಬಿದ್ದದ್ದು. ಆ ಹೊತ್ತಿಗೆ ಭಾರತದ ತಂಡ ಮನೆ ಸೇರಿ ಸುಮಾರು ಎರಡು ವಾರವಾಗಿತ್ತು. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅದು ಅಮೆರಿಕದ ಎದುರು 0–8, ಮೊರಾಕ್ಕೊ ಎದುರು 0–3, ಬ್ರೆಜಿಲ್ ಎದುರು 0–5 ಹೀಗೆ ಮೂರು ಪಂದ್ಯಗಳನ್ನೂ ಸೋತಿತ್ತು. ಕೊಟ್ಟ ಗೋಲು ಹದಿನಾರು, ಹೊಡೆದದ್ದು ಸೊನ್ನೆ.

ಆ ಮಕ್ಕಳನ್ನು ಹಳಿಯುವುದಾಗಲಿ, ಅಯ್ಯೋ ಪಾಪ ಎನ್ನುವುದಾಗಲಿ ನಮ್ಮ ಉದ್ದೇಶವಲ್ಲ. ನಾವು ಹೇಳಹೊರಟಿರುವುದು ಪಂದ್ಯಾಟದ ಹಿಂದಿನ ಮೆಟ್ಟಿಲಿನ ಕತೆ. ವಿಶ್ವಕಪ್ಪಿಗೆ ಬರುವ ತಂಡಗಳು ಸಾಮಾನ್ಯವಾಗಿ ತಮ್ಮ ತಮ್ಮ ಖಂಡದಲ್ಲಿ ಅರ್ಹತಾ ಪಂದ್ಯಗಳನ್ನಾಡಿ, ಗೆದ್ದು ಬರಬೇಕು. ಆತಿಥೇಯ ರಾಷ್ಟ್ರಕ್ಕೆ ಈ ಕಟ್ಟುಪಾಡಿಲ್ಲ. ಮದುವೆಮನೆಯ ಯಜಮಾನನಿಗೆ ಕರೆಯೋಲೆ ಬೇಡವೆಂಬಂತೆ ಅದಕ್ಕೆ ನೇರ ಪ್ರವೇಶ. ಭಾರತದ ಬಾಲಕಿಯರು 2022ರಲ್ಲಿ ಒಳಹೊಕ್ಕದ್ದು ಆ ಬಾಗಿಲಿನಿಂದ. ಇನ್ನೊಂದು ಬಾಗಿಲು, ಎಂದರೆ ಅರ್ಹತೆಯ ಬಾಗಿಲು, ಪತ್ರಿಕೆಗಳ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಕ್ಯಾಮೆರಾಗಳಿಲ್ಲ, ಪ್ರೇಕ್ಷಕರೂ ಕಡಿಮೆ. ಆದರೆ ಬಾಲಕಿಯರ ಆಟ ಒಂದು ದೇಶದಲ್ಲಿ ನಿಜವಾಗಿ ಬೇರೂರಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಈ ಬಾಗಿಲಾದರೂ ಬಹಳ ತಡವಾಗಿ ತೆರೆದದ್ದು. ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ ಡಿಕ್ ಕೆರ್ ಕಾರ್ಖಾನೆಯ ಹೆಂಗಸರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿಕೊಂಡ ತಂಡ ಎಷ್ಟು ಜನಪ್ರಿಯವಾಯಿತೆಂದರೆ, 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್ 5ರಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಆ ಬೀಗ ತೆಗೆಯಲು ಹೆಚ್ಚುಕಡಿಮೆ ಐವತ್ತು ವರ್ಷ ಹಿಡಿಯಿತು. ಬ್ರೆಜಿಲಿನಲ್ಲಿ 1941ರಿಂದ 1979ರ ತನಕ ಸರಕಾರಿ ಆಜ್ಞೆಯ ಮೂಲಕವೇ ನಿಷೇಧವಿತ್ತು. ಪಶ್ಚಿಮ ಜರ್ಮನಿಯ ಸಂಸ್ಥೆ 1955ರಲ್ಲಿ ನಿಷೇಧಿಸಿ 1970ರಲ್ಲಿ ಹಿಂತೆಗೆದುಕೊಂಡಿತು. ನಮ್ಮ ದೇಶದಲ್ಲಿ ಇಂಥ ಲಿಖಿತ ನಿಷೇಧದ ಅಗತ್ಯವೇ ಬೀಳಲಿಲ್ಲ. ಮನೆಯ ಹಿರಿಯರ ಒಂದು ನೋಟ ಸಾಕಾಗುತ್ತಿತ್ತು. ಇಂದಿಗೂ ಅನೇಕ ಸಂಘಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ನಿಂಬೆಹಣ್ಣು–ಚಮಚದ ಓಟ, ಸಂಗೀತ ಕುರ್ಚಿ, ಬಹಳವಾದರೆ ಥ್ರೋಬಾಲ್.

ಹೀಗಿದ್ದರೂ ಭಾರತದ ಮಹಿಳೆಯರು ಏಷ್ಯಾದಲ್ಲಿ ಹಿಂದುಳಿದವರಾಗಿರಲಿಲ್ಲ ಎಂಬುದು ಗಮನಾರ್ಹ. 1975ರಲ್ಲಿ ಮಹಿಳಾ ಫುಟ್‌ಬಾಲಿಗೆ ಒಂದು ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. 1979ರ ಕೊನೆಯಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾಗಿ ಮರುವರ್ಷದ ಜನವರಿಯಲ್ಲಿ ಮುಗಿದ ಏಷ್ಯನ್ ಪಂದ್ಯಾಟದಲ್ಲಿ ನಮ್ಮವರು ಅಂತಿಮ ಪಂದ್ಯದವರೆಗೆ ಹೋಗಿ ತೈವಾನಿಗೆ ಸೋತರು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯ, ಆ ಸಲ ಥೈಲ್ಯಾಂಡಿಗೆ ಸೋಲು. ಆದರೆ ಇವರ ಹಿಂದೆ ಬರಬೇಕಾದ ಹುಡುಗಿಯರ ಸಾಲು ಇರಲಿಲ್ಲ. ಇರಲು ಕಾರಣವೂ ಇರಲಿಲ್ಲವೆನ್ನಿ. ಬಾಲಕಿಯರಿಗೆಂದು ಅಂತರರಾಷ್ಟ್ರೀಯ ಪಂದ್ಯಾಟವೇ ಇಲ್ಲದಾಗ ಯಾವ ಸಂಸ್ಥೆ ತಾನೇ ಬಾಲಕಿಯರ ತಂಡ ಕಟ್ಟೀತು?

ಅರ್ಹತಾ ಪಂದ್ಯಗಳ ಮಹತ್ವ ಇರುವುದು ಇಲ್ಲಿಯೇ. ವಿಶ್ವಕಪ್ಪಿನಲ್ಲಿ ಆಡುವುದು ಹದಿನಾರೋ ಇಪ್ಪತ್ತನಾಲ್ಕೋ ದೇಶ. ಅರ್ಹತಾ ಸುತ್ತಿನಲ್ಲಾದರೋ ಹೆಸರು ನೋಂದಾಯಿಸಿದ ದೇಶಗಳೆಲ್ಲ ಆಡಬಹುದು. ಹೆಸರು ಕೊಡಬೇಕಾದರೆ ತಂಡ ಬೇಕು. ತಂಡ ಬೇಕಾದರೆ ಶಿಬಿರ, ತರಬೇತುದಾರರು, ಜಿಲ್ಲೆಗಳಲ್ಲಿ ಹುಡುಕಾಟ, ಎಲ್ಲವೂ ಬೇಕು. ಎಂದರೆ ಒಂದು ದೇಶ ಗೆಲ್ಲಲಿ ಸೋಲಲಿ, ಅರ್ಹತಾ ಪಂದ್ಯದ ಒಂದು ದಿನಾಂಕ ಗೊತ್ತಾದ ಕೂಡಲೇ ಅಲ್ಲಿನ ಹತ್ತಾರು ಹುಡುಗಿಯರ ಕಾಲಿಗೆ ಬೂಟು ಬರುತ್ತದೆ.

ಮಹಿಳೆಯರ ಮೊದಲ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ನಡೆಯಿತು. ಯುರೋಪಿನಲ್ಲಿ ಹದಿನೆಂಟು ವರ್ಷದೊಳಗಿನ ತರುಣಿಯರ ಪಂದ್ಯಾಟ 1997–98ರಲ್ಲಿ ಆರಂಭವಾಗಿ ಡೆನ್ಮಾರ್ಕ್ ಮೊದಲ ವಿಜೇತವಾಯಿತು. ಕೆಲವು ವರ್ಷಗಳಲ್ಲಿ ಆ ವಯೋಮಿತಿ ಹತ್ತೊಂಬತ್ತಕ್ಕೆ ಏರಿತು. ಹದಿನೇಳರೊಳಗಿನವರ ಪಂದ್ಯಾಟ 2007–08ರಲ್ಲಿ ಬಂತು. ವಿಶ್ವಮಟ್ಟದಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ಮೊದಲ ಪಂದ್ಯಾಟ 2002ರಲ್ಲಿ ಕೆನಡಾದಲ್ಲಿ, ಹದಿನೇಳರೊಳಗಿನವರದು 2008ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದವು. ಕೆನಡಾದ ಅಂತಿಮ ಪಂದ್ಯಕ್ಕೆ ಎಡ್ಮಂಟನ್ ನಗರದಲ್ಲಿ 47,000ಕ್ಕೂ ಹೆಚ್ಚು ಜನ ಸೇರಿದ್ದು ಸಂಘಟಕರನ್ನೇ ಬೆರಗುಗೊಳಿಸುವಂಥದಾಗಿತ್ತು.

ಆ ಕೆನಡಾ ಪಂದ್ಯಾಟಕ್ಕೆ ಏಷ್ಯಾದ ಅರ್ಹತಾ ಪಂದ್ಯಗಳು ನಡೆದದ್ದು ಎಲ್ಲಿ ಗೊತ್ತೇ? ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ, 2002ರ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ತರುಣಿಯರ ಏಷ್ಯನ್ ಪಂದ್ಯಾಟಗಳಲ್ಲಿ ಅದೇ ಮೊದಲನೆಯದು. ಎರಡೇ ಸ್ಥಾನಗಳಿದ್ದವು. 1999ರ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯವಾಡಿದ ಚೀನಾ ದೇಶದ ತರುಣಿಯರಿಗೆ ಒಂದು ಸ್ಥಾನ ಕಟ್ಟಿಟ್ಟದ್ದೆಂದೇ ಯಾರಾದರೂ ಎಣಿಸುತ್ತಿದ್ದರು. ಆದರೆ ಜಪಾನ್ ಮೊದಲನೆಯದಾಗಿಯೂ ತೈವಾನ್ ಎರಡನೆಯದಾಗಿಯೂ ಬಂದು ಕೆನಡಾಕ್ಕೆ ಹೋದವು. ಚೀನಾ ಮೂರನೆಯ ಸ್ಥಾನದಲ್ಲಿ ನಿಂತು ಮನೆಗೆ ಮರಳಿತು. ಅಕ್ಕಂದಿರ ಕೀರ್ತಿ ತಂಗಿಯರಿಗೆ ಆಸ್ತಿಯಾಗಿ ಬರುವುದಿಲ್ಲವೆಂಬುದು ಅರ್ಹತಾ ಸುತ್ತಿನ ಕಟು ನ್ಯಾಯ.

ಈ ಪಂದ್ಯಗಳ ಏರ್ಪಾಡೂ ಸ್ವಾರಸ್ಯಕರವಾಗಿದೆ. ಯುರೋಪಿನಲ್ಲಿ ನಾಲ್ಕು ದೇಶಗಳ ತಂಡಗಳು ಒಂದೇ ದೇಶದಲ್ಲಿ ಸೇರಿ, ಸುಮಾರು ಒಂದು ವಾರದಲ್ಲಿ ತಲಾ ಮೂರು ಪಂದ್ಯಗಳನ್ನಾಡಿ ಮುಗಿಸುತ್ತವೆ. ಪ್ರತಿ ಪಂದ್ಯಕ್ಕೂ ಶಾಲೆ ಬಿಡಿಸಿ ಮಕ್ಕಳನ್ನು ವಿಮಾನ ಹತ್ತಿಸುವ ಖರ್ಚು, ತಾಪತ್ರಯ ತಪ್ಪುತ್ತದೆ. ಗುಂಪಿನಲ್ಲಿ ಮೊದಲ ಸ್ಥಾನ ಪಡೆದವರು ಮುಂದಕ್ಕೆ. ಕೆಲವು ಸಲ ಎರಡನೆಯ ಸ್ಥಾನದವರಲ್ಲಿ ಉತ್ತಮರಿಗೂ ಅವಕಾಶ. ಆಗ ಬೇರೆ ಬೇರೆ ಗುಂಪಿನವರನ್ನು ತೂಗುವುದು ಹೇಗೆ? ಗುಂಪಿನ ಕೊನೆಯ ತಂಡದ ಮೇಲೆ ಹೊಡೆದ ಗೋಲುಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕುತ್ತಾರೆ. ಬಡಪಾಯಿಯ ಮೇಲೆ ಹನ್ನೆರಡು ಗೋಲು ಹೊಡೆದ ಪೌರುಷ ಅಲ್ಲಿ ನಡೆಯದು. ಇನ್ನೂ ಒಂದು ವಿಚಿತ್ರ ನಿಯಮವಿದೆ. ಅಂಕ, ಗೋಲು ಎಲ್ಲದರಲ್ಲೂ ಸಮಸಮವಾಗಿರುವ ಎರಡು ತಂಡಗಳು ಕೊನೆಯ ಪಂದ್ಯದಲ್ಲಿ ಪರಸ್ಪರ ಆಡಿ ಆ ಪಂದ್ಯವೂ ಸಮವಾದರೆ, ಗುಂಪಿನ ಲೀಗ್ ಪಂದ್ಯವಾದರೂ ಅಲ್ಲಿಯೇ ಪೆನಾಲ್ಟಿ ಒದೆತಗಳ ಮೂಲಕ ತೀರ್ಮಾನ. ಸರಕಾರಿ ಸೇವೆಯ ಹಿರಿತನದ ಪಟ್ಟಿ ತಯಾರಿಸುವವರು ಇದನ್ನು ಓದಿದರೆ ಮೆಚ್ಚಿಕೊಂಡಾರು.

ನಿಯಮದ ಮಾತು ಬಂದದ್ದರಿಂದ 2015ರ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಬಾಲಕಿಯರ ಅರ್ಹತಾ ಪಂದ್ಯಗಳ ಇತಿಹಾಸದಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲವೆಂದು ನಮ್ಮ ಎಣಿಕೆ.

ಆ ವರ್ಷದ ಯುರೋಪಿನ ಹತ್ತೊಂಬತ್ತರೊಳಗಿನವರ ಪಂದ್ಯಾಟದ ಅಂತಿಮ ಹಂತ ಇಸ್ರೇಲಿನಲ್ಲಿ ನಡೆಯುವುದಿತ್ತು. ಅದಕ್ಕೆ ಅರ್ಹತೆ ಪಡೆಯಲು ಇಂಗ್ಲೆಂಡ್, ನಾರ್ವೆ, ಸ್ವಿಟ್ಜರ್ಲೆಂಡ್ ಮತ್ತು ಆತಿಥೇಯ ಉತ್ತರ ಐರ್ಲೆಂಡ್ ತಂಡಗಳು ಉತ್ತರ ಐರ್ಲೆಂಡಿನಲ್ಲಿ ಸೇರಿದವು. ಏಪ್ರಿಲ್ 4ರಂದು ಇಂಗ್ಲೆಂಡ್–ನಾರ್ವೆ ಪಂದ್ಯ. ತೊಂಬತ್ತು ನಿಮಿಷ ಕಳೆದು, ಸೇರಿಸಿದ ಅವಧಿಯೂ ಮುಗಿಯುತ್ತ ಬಂದು, ತೊಂಬತ್ತಾರನೆಯ ನಿಮಿಷ. ನಾರ್ವೆ 2–1ರಿಂದ ಮುಂದಿದೆ. ಆಗ ಇಂಗ್ಲೆಂಡಿಗೆ ಪೆನಾಲ್ಟಿ ಸಿಕ್ಕಿತು. ಲೇಯಾ ವಿಲಿಯಮ್ಸನ್ ಎಂಬ ಹದಿನೆಂಟರ ತರುಣಿ ಚೆಂಡನ್ನು ಬಲೆಗೆ ಸೇರಿಸಿದಳು. ಆದರೆ ಆಕೆ ಒದೆಯುವ ಮೊದಲೇ ಜೊತೆಗಾತಿಯೊಬ್ಬಳು ಪೆನಾಲ್ಟಿ ಆವರಣದೊಳಕ್ಕೆ ಓಡಿಬಂದಿದ್ದಳು. ರೆಫರಿ ಗೋಲನ್ನು ರದ್ದುಮಾಡಿ ನಾರ್ವೆಗೆ ಪರೋಕ್ಷ ಫ್ರೀ ಕಿಕ್ ಕೊಟ್ಟರು. ಪಂದ್ಯ ಮುಗಿಯಿತು. ನಾರ್ವೆ ಗೆದ್ದಿತು.

ಆದರೆ ಆಗಿನ ನಿಯಮಪುಸ್ತಕ ಹೇಳುತ್ತಿದ್ದುದೇ ಬೇರೆ. ಒದೆಯುವವಳ ಜೊತೆಗಾತಿ ಅವಸರಪಟ್ಟು ಒಳಗೆ ಬಂದಾಗ ಚೆಂಡು ಬಲೆ ಸೇರದಿದ್ದರೆ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ ಸಿಗುತ್ತಿತ್ತು. ಬಲೆ ಸೇರಿದ್ದರೆ ಪೆನಾಲ್ಟಿಯನ್ನು ಮತ್ತೊಮ್ಮೆ ಒದೆಯಬೇಕಾಗಿತ್ತು. ರೆಫರಿಯ ಕಣ್ಣಿಗೆ ಕಂಡದ್ದು ಸರಿಯೋ ತಪ್ಪೋ ಎಂಬ ತಕರಾರನ್ನು ಯಾವ ಸಂಸ್ಥೆಯೂ ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ. ಇಲ್ಲಿಯ ಪ್ರಶ್ನೆ ಅದಲ್ಲ. ಕಂಡದ್ದು ಸರಿಯಾಗಿಯೇ ಇತ್ತು; ಅದಕ್ಕೆ ಅನ್ವಯಿಸಿದ ನಿಯಮ ತಪ್ಪು. ಸಂಗತಿಯ ತಪ್ಪು ಬೇರೆ, ಕಾನೂನಿನ ತಪ್ಪು ಬೇರೆ ಎಂಬ ಈ ಭೇದವನ್ನು ಹಿಡಿದು ಇಂಗ್ಲೆಂಡ್ ಮೇಲ್ಮನವಿ ಸಲ್ಲಿಸಿತು. ಯುರೋಪಿನ ಸಂಸ್ಥೆ ಅದನ್ನು ಒಪ್ಪಿ, ಪಂದ್ಯವನ್ನು ಪೆನಾಲ್ಟಿಯ ಆ ಕ್ಷಣದಿಂದಲೇ ಮುಂದುವರಿಸಬೇಕೆಂದು ಆಜ್ಞೆ ಮಾಡಿತು. ಎಲ್ಲವೂ ಐದೇ ದಿನಗಳೊಳಗೆ! ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಪೆನಾಲ್ಟಿಗಿಂತ ಈ ವೇಗವೇ ಹೆಚ್ಚು ಆಶ್ಚರ್ಯದ್ದೆಂದು ಕಂಡರೆ ಓದುಗರು ಕ್ಷಮಿಸಬೇಕು.

ಏಪ್ರಿಲ್ 9ರಂದು ಎರಡೂ ತಂಡಗಳಿಗೆ ಗುಂಪಿನ ಕೊನೆಯ ಪಂದ್ಯಗಳಿದ್ದವು. ಇಂಗ್ಲೆಂಡ್ ಸ್ವಿಟ್ಜರ್ಲೆಂಡನ್ನು 3–1ರಿಂದ, ನಾರ್ವೆ ಉತ್ತರ ಐರ್ಲೆಂಡನ್ನು 8–1ರಿಂದ ಸೋಲಿಸಿದವು. ಅದೇ ರಾತ್ರಿ ಬೆಲ್‌ಫಾಸ್ಟಿನಲ್ಲಿ ಎರಡೂ ತಂಡಗಳು ಮತ್ತೆ ಮೈದಾನಕ್ಕಿಳಿದವು. ಹೊಸ ರೆಫರಿ, ಹಳೆಯ ಪೆನಾಲ್ಟಿ. ಐದು ದಿನಗಳ ಕಾಲ ಒಂದು ಒದೆತದ ಭಾರವನ್ನು ತಲೆಯಲ್ಲಿ ಹೊತ್ತು ತಿರುಗಿದ ಆ ಹುಡುಗಿಯ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬೇಕು. ಯಾವ ಕಡೆಗೆ ಒದೆಯುತ್ತಾಳೆಂಬುದನ್ನು ನಾರ್ವೆಯ ಗೋಲ್‌ಕೀಪರ್ ಈ ಮೊದಲೇ ಒಮ್ಮೆ ಕಂಡಾಗಿದೆ. ವಿಲಿಯಮ್ಸನ್ ಓಡಿಬಂದು ಒದ್ದಳು. ಗೋಲು. 2–2. ಆ ಮೇಲೆ ಆಟ ನಡೆದದ್ದು ಕೆಲವೇ ಸೆಕೆಂಡು. ಎರಡೂ ತಂಡಗಳು ಇಸ್ರೇಲಿಗೆ ಅರ್ಹತೆ ಪಡೆದವು.

ಇಸ್ರೇಲಿನಲ್ಲಿ ಇಂಗ್ಲೆಂಡ್ ಗುಂಪಿನ ಹಂತವನ್ನೇ ದಾಟಲಿಲ್ಲ. ಪ್ರಶಸ್ತಿ ಸ್ವೀಡನ್ನಿನ ಪಾಲಾಯಿತು. ಹಾಗೆಂದು ಆ ರಾತ್ರಿಯ ಒದೆತ ವ್ಯರ್ಥವಾಯಿತೆನ್ನೋಣವೆ? 2022ರ ಜುಲೈ 31ರಂದು ಲಂಡನ್ನಿನ ವೆಂಬ್ಲಿಯಲ್ಲಿ 87,192 ಪ್ರೇಕ್ಷಕರೆದುರು ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು ಸೋಲಿಸಿ ಯುರೋಪಿನ ಕಪ್ ಎತ್ತಿದಾಗ ಅವರ ನಾಯಕಿ ಇದೇ ವಿಲಿಯಮ್ಸನ್. 2025ರಲ್ಲಿ ಮತ್ತೆ ಆಕೆಯ ನಾಯಕತ್ವದಲ್ಲಿ ಇಂಗ್ಲೆಂಡ್ ಅದೇ ಕಪ್ ಗೆದ್ದಿತು. ಆ ಅಂತಿಮ ಪಂದ್ಯ ಪೆನಾಲ್ಟಿಗಳಲ್ಲಿ ತೀರ್ಮಾನವಾದಾಗ ಆಕೆಯ ಒದೆತವನ್ನು ಸ್ಪೇನಿನ ಗೋಲ್‌ಕೀಪರ್ ತಡೆದಳೆಂಬುದನ್ನೂ ಹೇಳಿಬಿಡುವುದು ನ್ಯಾಯ.

ವಿಲಿಯಮ್ಸನ್‌ಗೆ ಎರಡನೆಯ ಅವಕಾಶ ಐದು ದಿನಗಳಲ್ಲಿ ಸಿಕ್ಕಿತು. ಬಾಲಕಿಯರ ಪಂದ್ಯಾಟಗಳಲ್ಲಿ ಇದು ಅಪರೂಪದ ಭಾಗ್ಯ. ಇಲ್ಲಿ ಹುಟ್ಟಿದ ತಾರೀಕೇ ಎಲ್ಲಕ್ಕಿಂತ ದೊಡ್ಡದು. ಹದಿನೇಳರೊಳಗಿನವರ ಬಾಲಕರ ಪಂದ್ಯಾಟದಲ್ಲಿ 2009ರಿಂದ ಮಣಿಕಟ್ಟಿನ ಎಂ.ಆರ್.ಐ. ಚಿತ್ರ ತೆಗೆದು ವಯಸ್ಸು ಪರೀಕ್ಷಿಸುವ ಕ್ರಮವಿದೆ. ಬಾಲಕಿಯರಲ್ಲಿ ಆ ಮೂಳೆಗಳು ಬೇಗ ಕೂಡಿಕೊಳ್ಳುವುದರಿಂದ ಈ ಪರೀಕ್ಷೆ ಅವರಿಗೆ ಸಲ್ಲದೆಂದು ತಜ್ಞರು ಕಂಡುಕೊಂಡಿದ್ದಾರೆ; ಹೀಗಾಗಿ ಅಲ್ಲಿ ಕಾಗದಪತ್ರದ ಮಾತೇ ಮಾತು. ಜನವರಿ 1ರ ಗೆರೆಯ ಈಚೆಗೆ ಹುಟ್ಟಿದವಳು ಒಳಗೆ, ಡಿಸೆಂಬರ್ 31ರಂದು ಹುಟ್ಟಿದವಳು ಹೊರಗೆ. ದೊಡ್ಡವರ ತಂಡದಲ್ಲಿ ಈ ಸಲ ತಪ್ಪಿದರೆ ನಾಲ್ಕು ವರ್ಷ ಕಾಯಬಹುದು. ಹದಿನೇಳರ ಬಾಲಕಿ ಕಾಯುವಂತಿಲ್ಲ.

ಈ ಗೆರೆಯ ಕ್ರೌರ್ಯವನ್ನು ನಮ್ಮ ದೇಶದ ಮಕ್ಕಳೇ ಅನುಭವಿಸಿದರು. ಹದಿನೇಳರೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯಬೇಕಾಗಿದ್ದುದು ಮೊದಲಿಗೆ 2020ರ ನವೆಂಬರ್‌ನಲ್ಲಿ. 2003ರ ಜನವರಿ 1ರಂದು ಅಥವಾ ಆ ಮೇಲೆ ಹುಟ್ಟಿದವರು ಅದಕ್ಕೆ ಅರ್ಹರು. ಶಿಬಿರಗಳು ನಡೆದವು. ಕೊರೊನಾ ಬಂದು ಪಂದ್ಯಾಟ 2021ರ ಫೆಬ್ರುವರಿಗೆ ಮುಂದೂಡಲ್ಪಟ್ಟಿತು. 2020ರ ನವೆಂಬರ್ 17ರಂದು ಪೂರ್ತಿ ರದ್ದಾಯಿತು. ಬದಲಿಗೆ ಭಾರತಕ್ಕೆ 2022ರ ಪಂದ್ಯಾಟ ಕೊಟ್ಟರು. ದೇಶಕ್ಕೆ ನಷ್ಟವಾಗಲಿಲ್ಲ, ನಿಜ. ಆದರೆ 2022ಕ್ಕೆ ಗೆರೆ 2005ರ ಜನವರಿ 1ಕ್ಕೆ ಸರಿದಿತ್ತು. 2003, 2004ರಲ್ಲಿ ಹುಟ್ಟಿ, ತಯಾರಾಗಿ ನಿಂತಿದ್ದ ಹುಡುಗಿಯರ ಪಾಲಿಗೆ ಬದಲಿ ಏನೂ ಇರಲಿಲ್ಲ. ಏಷ್ಯಾದ ಇತರ ದೇಶಗಳಲ್ಲಿ ಇದರ ಮಗ್ಗುಲೊಂದು ಇನ್ನೂ ವಿಚಿತ್ರ. 2022ಕ್ಕಾಗಿ ನಡೆಯಬೇಕಿದ್ದ ಏಷ್ಯನ್ ಪಂದ್ಯಾಟವೂ ಕೊರೊನಾದಿಂದ ರದ್ದಾದ ಕಾರಣ, 2019ರ ಪಂದ್ಯಾಟದ ಫಲಿತಾಂಶವನ್ನೇ ಆಧಾರವಾಗಿಟ್ಟು ಜಪಾನ್ ಮತ್ತು ಚೀನಾಗಳನ್ನು ಕಳಿಸಿದರು. ಮೈಮುರಿದು ಅರ್ಹತೆ ಗಳಿಸಿದವರು ಒಬ್ಬರು, ಆಡಿದವರು ಇನ್ನೊಬ್ಬರು.

2022ರ ಪಂದ್ಯಾಟವೂ ನಮ್ಮ ಕೈತಪ್ಪುವುದರಲ್ಲಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತವನ್ನು ಸುಪ್ರೀಂ ಕೋರ್ಟು ಒಂದು ಸಮಿತಿಗೆ ವಹಿಸಿದ್ದನ್ನು ಹೊರಗಿನವರ ಹಸ್ತಕ್ಷೇಪವೆಂದು ಬಗೆದ ವಿಶ್ವಸಂಸ್ಥೆ ಫಿಫಾ ಆಗಸ್ಟ್ ಮಧ್ಯದಲ್ಲಿ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು. ಪಂದ್ಯಾಟಕ್ಕೆ ಉಳಿದಿದ್ದುದು ಎಂಟು ವಾರ. ಸಮಿತಿ ವಿಸರ್ಜನೆಯಾಗಿ ಆಗಸ್ಟ್ 26ರಂದು ಅಮಾನತು ರದ್ದಾಯಿತು. ದೊಡ್ಡವರ ಕುರ್ಚಿಯ ವ್ಯಾಜ್ಯದಲ್ಲಿ ಮಕ್ಕಳ ಆಟ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

ಆ ತಂಡದ ಇಪ್ಪತ್ತೊಂದು ಮಂದಿಯಲ್ಲಿ ಆರು ಜನ ಜಾರ್ಖಂಡದವರು. ನಾಯಕಿ ಅಷ್ಟಮ್ ಓರಾಂವ್ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಆಕೆ ನಾಯಕಿಯಾದ ಗೌರವಾರ್ಥ ಜಿಲ್ಲಾಡಳಿತ ಆ ಹಳ್ಳಿಗೆ ರಸ್ತೆ ಮಾಡಿಸತೊಡಗಿತು. ಆ ರಸ್ತೆಯ ಕೆಲಸಕ್ಕೆ ದಿನಗೂಲಿಯಾಗಿ ಹೋದವರಲ್ಲಿ ಆಕೆಯ ತಂದೆತಾಯಿಯೂ ಇದ್ದರೆಂದು ಆಗ ಪತ್ರಿಕೆಗಳೆಲ್ಲ ಬರೆದವು. 0–8 ಎಂಬ ಅಂಕಿಯನ್ನು ಓದುವಾಗ ಇದನ್ನೂ ಪಕ್ಕದಲ್ಲಿಟ್ಟು ಓದಬೇಕು. ಅಂತೆಯೇ, ನಮ್ಮನ್ನು 3–0ರಿಂದ ಸೋಲಿಸಿದ ಮೊರಾಕ್ಕೊದವರಿಗೂ ಅದು ಮೊದಲ ವಿಶ್ವಕಪ್ಪೇ. ಆದರೆ ಅವರು ಆಫ್ರಿಕಾದ ಅರ್ಹತಾ ಪಂದ್ಯಗಳಲ್ಲಿ, ಹಲವು ಸಲ ವಿಶ್ವಕಪ್ಪಿಗೆ ಹೋಗಿಬಂದ ಘಾನಾವನ್ನು ಕೊನೆಯ ಸುತ್ತಿನಲ್ಲಿ ಪೆನಾಲ್ಟಿಗಳ ಮೂಲಕ ದಾಟಿ ಬಂದಿದ್ದರು. ಎರಡು ತಂಡಗಳ ವ್ಯತ್ಯಾಸ ಆ ಮೂರು ಗೋಲುಗಳಿಗಿಂತ ಮೊದಲೇ ಇತ್ತು. ಶಿಬಿರದಲ್ಲಿ ಎಷ್ಟೇ ತಿಂಗಳು ಕೂಡಿಹಾಕಿ ಕಲಿಸಿದರೂ, ಸೋತರೆ ಎಲ್ಲವೂ ಮುಗಿಯಿತೆಂಬ ಪಂದ್ಯವೊಂದನ್ನು ಆಡಿ ಗೆದ್ದ ಅನುಭವವನ್ನು ಕಲಿಸಲಾಗದು.

ಮರುವರ್ಷದಿಂದ ಹುಡುಗಿಯರು ಮತ್ತೆ ಅರ್ಹತೆಯ ಬಾಗಿಲಿನ ಮುಂದೆ ನಿಂತರು. 2023ರ ಏಪ್ರಿಲ್‌ನಲ್ಲಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಹದಿನೇಳರೊಳಗಿನವರ ತಂಡ ಮೊದಲ ಸುತ್ತು ಗೆದ್ದಿತು; ಎರಡನೆಯ ಸುತ್ತಿನಲ್ಲಿ ನಿಂತುಹೋಯಿತು. ಫಲ ಕಂಡದ್ದು 2025ರಲ್ಲಿ, ಅದೂ ಮೂರು ಸಲ. ಜುಲೈಯಲ್ಲಿ ಹಿರಿಯರ ತಂಡ ಥೈಲ್ಯಾಂಡನ್ನು ಅದರ ನೆಲದಲ್ಲಿಯೇ 2–1ರಿಂದ ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು. ಆಗಸ್ಟ್‌ನಲ್ಲಿ ಇಪ್ಪತ್ತರೊಳಗಿನವರು ಯಾಂಗೊನ್‌ನಲ್ಲಿ ಇಂಡೊನೇಷ್ಯದೊಡನೆ ಸಮ ಮಾಡಿಕೊಂಡು, ತುರ್ಕ್‌ಮೆನಿಸ್ತಾನವನ್ನು 7–0ರಿಂದ, ಕೊನೆಗೆ ಆತಿಥೇಯ ಮ್ಯಾನ್ಮಾರನ್ನು 1–0ರಿಂದ ಸೋಲಿಸಿದರು. ಆ ವಯೋಮಾನದ ಏಷ್ಯನ್ ಪಂದ್ಯಾಟದಲ್ಲಿ ಭಾರತ ಹಿಂದೆ ಆಡಿದ್ದು 2006ರಲ್ಲಿ.

ಅಕ್ಟೋಬರ್‌ನಲ್ಲಿ ಹದಿನೇಳರೊಳಗಿನವರ ಸರದಿ. ಮತ್ತೆ ಅದೇ ಬಿಷ್ಕೆಕ್. ಮೂರೇ ತಂಡಗಳ ಗುಂಪು, ಮೊದಲ ಸ್ಥಾನದವರಿಗಷ್ಟೇ ದಾರಿ. ಆತಿಥೇಯ ಕಿರ್ಗಿಸ್ತಾನವನ್ನು ನಮ್ಮವರು 2–1ರಿಂದ ಸೋಲಿಸಿದರು. ಅಕ್ಟೋಬರ್ 17ರಂದು ಉಜ್ಬೇಕಿಸ್ತಾನದ ಎದುರು ಕೊನೆಯ ಪಂದ್ಯ. ಮೊದಲಾರ್ಧ ಮುಗಿದಾಗ ಉಜ್ಬೇಕಿಸ್ತಾನ ಒಂದು ಗೋಲಿನಿಂದ ಮುಂದಿತ್ತು. ವಿರಾಮಕ್ಕೆ ಸ್ವಲ್ಪ ಮುಂಚೆ ಬದಲಿ ಆಟಗಾರ್ತಿಯಾಗಿ ಇಳಿದಿದ್ದ ತಾಂಡಮೋನಿ ಬಾಸ್ಕೆ 55ನೆಯ ನಿಮಿಷದಲ್ಲಿ ಗೋಲು ಹೊಡೆದು ಸಮಮಾಡಿದಳು. 66ನೆಯ ನಿಮಿಷದಲ್ಲಿ ಅನುಷ್ಕಾ ಕುಮಾರಿ ಎರಡನೆಯದನ್ನು ಹೊಡೆದಳು. ಉಳಿದ ಅವಧಿಯನ್ನು ಹಲ್ಲುಕಚ್ಚಿ ಕಾಯ್ದುಕೊಂಡು ಭಾರತ 2–1ರಿಂದ ಗೆದ್ದಿತು. ಚೀನಾದಲ್ಲಿ ನಡೆಯುವುದೆಂದು ಗೊತ್ತಾಗಿದ್ದ 2026ರ ಏಷ್ಯನ್ ಕಪ್ಪಿಗೆ ಹೀಗೆ ಸ್ಥಾನ ದೊರೆಯಿತು. ಈ ಪಂದ್ಯಾಟದಲ್ಲಿ ಅದಕ್ಕೂ ಮೊದಲು ಭಾರತ ಆಡಿದ್ದು ಒಂದೇ ಸಲ, 2005ರಲ್ಲಿ, ಅರ್ಹತಾ ಸುತ್ತೇ ಇಲ್ಲದಿದ್ದಾಗ. ಬಿಷ್ಕೆಕ್‌ನಲ್ಲಿ ಆಡಿದ ಹುಡುಗಿಯರೆಲ್ಲ 2009ರ ಜನವರಿ 1ರ ಈಚೆಗೆ ಹುಟ್ಟಿದವರು. ಅಂದು ಅವರಲ್ಲಿ ಒಬ್ಬಳೂ ಹುಟ್ಟಿರಲಿಲ್ಲ.